ಹುಣಸೆತೋಪೋ ರಸ್ತೆಯೋ

ಭೀಮನಬೀಡಿನ ಗ್ರಾಮಸಭೆಯಲ್ಲಿ ಊರಿನ ನಕ್ಷೆಯನ್ನು ನೆಲದ ಮೇಲೆ ರಂಗೋಲಿಯಲ್ಲಿ ಬರೆದಿದ್ದರು. ಯಾವ ಕೆಲಸ ಮೊದಲು ಆಗಬೇಕೋ ಅಲ್ಲಿ ಒಬ್ಬೊಬ್ಬರೂ ಒಂದು ಅವರೆಕಾಳು ಇಡಬೇಕಿತ್ತು. ಹುಣಸೆತೋಪು ಉಳಿಸಬೇಕೆಂದು ನಾನು ಕಾಳು ಹಿಡಿದು ನಿಂತಿದ್ದೆ. ಆ ತೋಪಿನ ಮರಗಳಲ್ಲಿ ವಾಸವಿದ್ದ ಏಳು ಅಕ್ಕತಂಗಿ ದೇವತೆಯರ ಕಥೆ ಕೇಳುತ್ತಲೇ ಬೆಳೆದವಳು ನಾನು. ಆ ಕಥೆ ಹೇಳಿದ ಅಜ್ಜಿ ಪುಟ್ಟಸಿದ್ದಮ್ಮನೇ ತೋಪು ಕಡಿದು ಮಾಡುವ ರಸ್ತೆಯ ಮೇಲೆ ತನ್ನ ಕಾಳಿಟ್ಟಳು.

"ಅಜ್ಜೀ, ಅಕ್ಕತಂಗೀರು ಎಲ್ಲಿಗೋಯ್ತಾರೆ?"

"ಬೇರೆ ಮರ ನೋಡ್ಕತಾರೆ ಬುಡಮ್ಮಿ. ನೋವು ಬಂದಾಗ ನಿಮ್ಮವ್ವುನ್ನ ಗಾಡೀಲಿ ತೋಪು ಸುತ್ತಾಕ್ಕೊಂಡು ಬೇಗೂರಾಸ್ಪತ್ರೆಗೆ ಕರ್ಕೊಂಡೋಗ್ತಿದ್ದೊ. ದಾರೀಲೆ ನೀನುಟ್ದೆ, ಅವ್ಳು ತೀರೋದ್ಲು."

ಅವ್ವ ಆಸ್ಪತ್ರೆಯಲ್ಲಿ ಸತ್ತಳೆಂದೇ ನಾನು ನಂಬಿದ್ದೆ.

"ಬೇಗ ಇಡಮ್ಮಿ, ಇಂದೆ ಜನ ಅವ್ರೆ," ಎಂದ ಸಾಲಿನಲ್ಲಿ ನನ್ನ ಹಿಂದಿದ್ದ ಬೋರಯ್ಯಮಾವ.

ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನನ್ನ ಕಾಳೂ ರಸ್ತೆಯ ಮೇಲಿತ್ತು.