ಸೈನಿಕ ಬಾಂಡಿನ ಮೊಹರು

ಕೈಕಾಲು ಕಳೆದುಕೊಂಡ ಸೈನಿಕರ ಆರೈಕೆಗೆಂದು ಬಾಂಡ್ ಮಾರಿದ ಹಣದಲ್ಲಿ ಅಧಿಕಾರಿಗಳು ತಮಗೊಂದು ಅತಿಥಿಗೃಹ ಕಟ್ಟಿಸಿಕೊಂಡರು. ಆ ಬಾಂಡುಗಳ ಮೇಲೆಲ್ಲ ಇರುವುದು ನನ್ನ ಗುರುತು.

ನಾನು ಒಂದು ಹಿತ್ತಾಳೆಯ ಮೊಹರು. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮೌನೇಶಪ್ಪ ಎಂಬಾತ ನನ್ನ ಎದೆಯ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದ. ನಾನು ಕಚ್ಚದೆ ಯಾವ ಬಾಂಡೂ ಊರ್ಜಿತವಲ್ಲ ಎಂಬುದು ನಿಯಮ.

ಮೊದಲು ನನ್ನ ಹಿಡಿ ಹಿಡಿದವರು ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತ, ನಿವೃತ್ತ ಹವಾಲ್ದಾರ ಇಮಾಮಸಾಬರು. ಕೊಳ್ಳುವವರಿಗೆ ಬಾಂಡಿನ ಷರತ್ತು ಓದಿ ಹೇಳಿಯೇ ಮಾರಬೇಕೆಂಬ ಇನ್ನೊಂದು ನಿಯಮವಿತ್ತು. ಅವರು ಒಂದು ಸಲವೂ ತಪ್ಪಿಸಲಿಲ್ಲ.

"ಈ ರೊಕ್ಕ ಗಾಯಾಳು ಜವಾನರಿಗೆ. ಬಡ್ಡಿ ಬರೋದು ನಮ್ಮ ಕಚೇರಿ ಮಳಿಗೆಗಳ ಬಾಡಿಗೀಲೆ. ಬಾಡಿಗಿ ನಿಂತ್ರ ಬಡ್ಡಿನೂ ನಿಲ್ತೈತಿ. ತಿಳೀತಿಲ್ಲೋ?"

"ತಿಳೀತೋ ಯಪ್ಪಾ. ಬುಟ್ಟ್ಯಾಗ ಮೆಂತೆ ಬಾಡಾಕತ್ತೈತಿ, ಒತ್ತು," ಎಂದಳು ಒಬ್ಬ ಕಾಯಿಪಲ್ಲೆಯವಳು.

ಇಮಾಮಸಾಬರು ತೀರಿಕೊಂಡ ಮೇಲೆ ನಾನು ನೀಲವ್ವನ ಕೈಗೆ ಬಂದೆ. ಗಡಿಯಲ್ಲಿ ಸತ್ತ ಗಂಡನ ಹೆಸರಿನಲ್ಲಿ ಸಿಕ್ಕ ನೌಕರಿ. ಮನೆಗೆ ಅದೊಂದೇ ಸಂಬಳ. ಅಷ್ಟರಲ್ಲಿ ಅತಿಥಿಗೃಹ ಎದ್ದಿತ್ತು. ಕೃತಕ ಕಾಲಿಗೆ ಅರ್ಜಿ ಹಾಕಿದ್ದ ಪರಸಪ್ಪ ಊರುಗೋಲು ಊರಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ.

"ತಂಗೀ, ಬಂಗ್ಲೇಕ ಎಂಟು ಪಲ್ಲಂಗ ಬಂದಾವಂತ. ಒಂದೊಂದಕ್ಕ ನಾಕು ಕಾಲು. ಒಂದರ ನನಗ ಕೊಡಸವಾ."

ನೀಲವ್ವ ನಗಲಿಲ್ಲ. ನನಗಂತೂ ತಲೆಯೆತ್ತಲಾಗಲಿಲ್ಲ. ಒತ್ತಿದರೆ ಕಚ್ಚುವುದಷ್ಟೇ ನನಗೆ ಗೊತ್ತಿದ್ದ ಕಸುಬು.

ಈಗ ನನ್ನ ಅಕ್ಷರಗಳು ಸವೆದಿವೆ, ಹಿಡಿ ಸಡಿಲಾಗಿದೆ. ಇಷ್ಟು ವರ್ಷ ಬಾಳಿ ಕಂಡದ್ದು ಇಷ್ಟೇ: ಸುಳ್ಳಿಗೂ ನಿಜಕ್ಕೂ ನನ್ನ ಗುರುತು ಒಂದೇ ಥರ ಮೂಡುತ್ತದೆ. ಬೇರೆಯಾಗುವುದು ಒತ್ತುವ ಕೈ.

ಮೊನ್ನೆ ಸಾಹೇಬರು ಐನೂರು ಹೊಸ ಬಾಂಡುಗಳ ಕಟ್ಟು ತಂದು ಮೇಜಿನ ಮೇಲಿಟ್ಟರು. ಮೇಲೆ ಅದೇ ಮಾತು ಅಚ್ಚಾಗಿತ್ತು: ಗಾಯಾಳು ಸೈನಿಕರ ಆರೈಕೆಗೆ.

"ಸಂಜೀ ಒಳಗ ಎಲ್ಲಾಕ್ಕೂ ಒತ್ತಿಬಿಡು."

"ಹಳೇ ರೊಕ್ಕ ಎಲ್ಲಿ ಹೋತು ಅಂತ ತೋರಿಸದೇ ಹೊಸಾವು ಮಾರಂಗಿಲ್ರಿ. ನಿಯಮ ಐತಿ."

"ನಿಯಮ ನನಗ ಕಲಸ್ತೀಯೇನು? ಗಂಡ ಸತ್ತದ್ದಕ್ಕ ಸಿಕ್ಕ ನೌಕರಿ ಇದು, ನೆನಪಿರ್ಲಿ."

ನೀಲವ್ವ ನನ್ನ ಹಿಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನೆನಪೈತ್ರಿ. ಅದಕ್ಕ ಒತ್ತಂಗಿಲ್ಲ."