ಪಾಲಮ್ಮ ಹೇಳಿದ ಕಾಯಿಲೆ

ತಲೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಚಳ್ಳಕೆರೆಯ ನರರೋಗದ ಡಾಕ್ಟರು ಹೇಳಿದಾಗ ಪಾಲಮ್ಮ ಕೈಮುಗಿದಳು. ಸೊಸೆ ಪ್ರೇಮಲತಾಗೆ ಅಳು ಬಂತು. ಏನಾದರೂ ಇದ್ದಿದ್ದರೇ ಚೆನ್ನಾಗಿತ್ತು.

ಹೆರಿಗೆಯಾಗಿ ನಾಲ್ಕು ತಿಂಗಳು. ನಿದ್ದೆಯಿಲ್ಲ. ಮೊಳಕಾಲ್ಮೂರಿನ ಮನೆಯ ಹಿತ್ತಲಲ್ಲೊಂದು ನೀರಿನ ತೊಟ್ಟಿ. ಮಗುವನ್ನು ಎತ್ತಿಕೊಂಡು ಅದರ ಹತ್ತಿರ ಹೋದರೆ, ಕೈ ಬಿಟ್ಟುಬಿಡು ಎಂದು ಮನಸ್ಸು ಹೇಳುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವರ ಮನೆಯಲ್ಲಿ ಸೊಸೆಗೆ ಕಾಯಿಲೆಯಾದರೆ ಡಾಕ್ಟರ ಮುಂದೆ ಮಾತಾಡುವವಳು ಅತ್ತೆ. ಸೊಸೆ ಸ್ಟೂಲಿನ ಮೇಲೆ ಕೂತು ಕೈ ಚಾಚಿದರೆ ಸಾಕು. ಊರಿನ ಡಾಕ್ಟರಿಗೆ ಪಾಲಮ್ಮ ಸುಸ್ತು ಎಂದಳು, ಟಾನಿಕ್ ಬಂತು. ಇಲ್ಲಿ ನರದ ವೀಕ್ನೆಸ್ ಎಂದಳು, ಸ್ಕ್ಯಾನ್ ಆಯಿತು.

ಹೊರಗೆ ಮೆಟ್ಟಿಲ ಮೇಲೆ ಪ್ರೇಮಲತಾ ನಿಂತುಬಿಟ್ಟಳು. "ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಇವತ್ತು ಮನಸ್ಸಿನ ಡಾಕ್ಟ್ರು ಬರ್ತಾರಂತೆ ಅತ್ತೆ. ನಮ್ಮೂರ ಆಶಾ ಕಾರ್ಯಕರ್ತೆ ಗೀತಕ್ಕ ಹೇಳಿದ್ಲು."

"ಅವಳಿಗೇನು, ನಾಳೆ ಓಣಿಗೆಲ್ಲಾ ಡಂಗುರ ಹೊಡೀತಾಳೆ. ನರ ಅಂದ್ರೆ ಯಾರೂ ಏನೂ ಅನ್ನಲ್ಲ. ಅಲ್ಲಿಗೆ ಹೋದ್ರೆ ಹುಚ್ಚಿ ಅಂತಾರೆ ಕಣೇ. ನಡಿ, ಬಸ್ಸೈತೆ. ತಗಾ, ಕೂಸ್ನ ಹಿಡಿ."

ಪ್ರೇಮಲತಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಕೊಡಬೇಡ್ರಿ. ನನ್ನ ಕೈಗೆ ಕೊಡಬೇಡ್ರಿ ಅತ್ತೆ. ತೊಟ್ಟಿಗೆ ಹಾಕ್ಬಿಡ್ತೀನೇನೋ ಅನ್ಸುತ್ತೆ. ದಿನಾ ಅನ್ಸುತ್ತೆ."

ಪಾಲಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಪ್ರೇಮಲತಾ ಆ ಹೆಜ್ಜೆಯನ್ನು ನೋಡಿದಳು. ತಾನಾಗಿದ್ದರೂ ಹಾಗೇ ಸರಿಯುತ್ತಿದ್ದೆ ಅನ್ನಿಸಿತು. ಬಸ್ಸು ಹೊರಟುಹೋಯಿತು. ಆಮೇಲೆ ಪಾಲಮ್ಮ ಆಟೋಗೆ ಕೈ ತೋರಿಸಿದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಏನಾಗ್ತಿದೆ?" ಎಂದು ಪ್ರೇಮಲತಾಳನ್ನೇ ಕೇಳಿದರು.

"ನರದ..." ಎಂದು ಪಾಲಮ್ಮ ಶುರುಮಾಡಿದಳು. ಅಭ್ಯಾಸ.

"ನಿಮ್ಮ ಹತ್ರಾನೂ ಮಾತಾಡ್ತೀನಮ್ಮ. ಸ್ವಲ್ಪ ಹೊತ್ತು ಮಗು ಜೊತೆ ಹೊರಗೆ ಕೂತ್ಕೊಳ್ಳಿ."

ಪಾಲಮ್ಮ ಏಳಲಾರದೆ ಎದ್ದಳು. "ಎಲ್ಲಾ ಹೇಳೇ," ಎಂದಳು. "ನಂಗೆ ಹೇಳಿದ್ಯಲ್ಲ, ಅದ್ನೂ ಹೇಳು."

ಬಾಗಿಲು ಮುಚ್ಚಿತು. ಮಗು ಹುಟ್ಟಿದಾಗಿಂದ ನಿದ್ದೆಯಿಲ್ಲ ಎಂದಷ್ಟೇ ಹೇಳಿ ಪ್ರೇಮಲತಾ ನಿಲ್ಲಿಸಿದಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: "ಸಾಯಬೇಕು ಅನ್ಸುತ್ತಾ?"

"ಹೂಂ."

"ಮಗುಗೆ ಏನಾದ್ರೂ ಮಾಡ್ಬಿಡ್ತೀನಿ ಅಂತ ಭಯಾನಾ?"

"ಹೂಂ."

"ಹೆರಿಗೆ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ. ಇದು ಕಾಯಿಲೆ, ಇದಕ್ಕೆ ಔಷಧಿ ಇದೆ. ಇವತ್ತು ನಿಮ್ಮನ್ನ ಹಾಗೇ ಮನೆಗೆ ಕಳಿಸಲ್ಲ."

ಪ್ರೇಮಲತಾ ಮೇಜಿನ ಅಂಚನ್ನು ಹಿಡಿದುಕೊಂಡು, ಹೊರಗೆ ಕೇಳಿಸೀತೆಂಬ ಪರಿವೆಯಿಲ್ಲದೆ ಅತ್ತಳು.