ಬೆಳ್ಳಿಯ ಹೊಟ್ಟೆಯೊಳಗಿನ ಕಾವಲು

ನಾನು ಒಂದು ಅಯಸ್ಕಾಂತ. ಕಾರ್ಖಾನೆಯಲ್ಲಿ ಹುಟ್ಟಿದಾಗ ಬೆರಳುದ್ದ ಇದ್ದೆ. ಯಾರಿಗೂ ಚುಚ್ಚದಿರಲೆಂದು ನನ್ನ ಎರಡೂ ತುದಿ ಉಜ್ಜಿ ನುಣುಪು ಮಾಡಿದರು. ಕಬ್ಬಿಣ ಕಂಡರೆ ಬಿಡದ ಜಾತಿ ನಮ್ಮದು, ಆದರೆ ನಾನು ಹುಟ್ಟಾ ಪುಕ್ಕಲ. ಹಾಸನದ ಕಡೆಯ ಒಂದು ಪಶು ಆಸ್ಪತ್ರೆಯ ಮೇಜಿನ ಖಾನೆಯಲ್ಲಿದ್ದೆ. ಯಾರಾದರೂ ಖಾನೆ ಎಳೆದರೆ ಸಾಕು, ನಡುಗುತ್ತಿದ್ದೆ.

ಒಂದು ಬೆಳಿಗ್ಗೆ ಡಾಕ್ಟರ್ ಶಮೀಮಾ ನನ್ನನ್ನು ಜೇಬಿಗೆ ಹಾಕಿಕೊಂಡು ಹೂ ಕಟ್ಟುವ ಸಣ್ಣತಾಯಮ್ಮನ ಕೊಟ್ಟಿಗೆಗೆ ಹೋದರು. ಅಲ್ಲಿ ಬೆಳ್ಳಿ ಎಂಬ ಹಸು ಬೆನ್ನು ಬಾಗಿಸಿ ನಿಂತಿದ್ದಳು. ಮೂರು ದಿನದಿಂದ ಮೇವು ಮುಟ್ಟಿರಲಿಲ್ಲ. ಡಾಕ್ಟರು ಹೆಗಲ ಮೇಲಿನ ಚರ್ಮ ಹಿಂಡಿದಾಗ ನೋವಿನಿಂದ ನರಳಿದಳು.

ಏನು ತಿನ್ನಿಸಿದಿರಿ ಎಂದು ಡಾಕ್ಟರು ಕೇಳಿದರು. ಮದುವೆಯ ಹಾರ ಎಂದರು ಸಣ್ಣತಾಯಮ್ಮ. ಮದುಮಕ್ಕಳ ಕೊರಳಿನ ಹಾರವನ್ನು ಯಾರೂ ತುಳಿಯಬಾರದು, ಹಸುವಿನ ಬಾಯಿಗೇ ಹಾಕಬೇಕು, ಅದು ಆ ಮನೆಯ ಪದ್ಧತಿ. ಆದರೆ ಈಗಿನ ದಪ್ಪ ಹಾರಗಳ ಒಳಗೆ ಕಬ್ಬಿಣದ ತಂತಿ ಇರುತ್ತದೆ. ಆ ತಂತಿ ಸುತ್ತಿದವರೂ ಸಣ್ಣತಾಯಮ್ಮನೇ.

ಮೊಮ್ಮಗಳು ಪಲ್ಲವಿಗೆ ಡಾಕ್ಟರು ಬಿಡಿಸಿ ಹೇಳಿದರು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಹಸು ಮೊದಲು ಸರಿಯಾಗಿ ಅಗಿಯದೆ ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ತಂತಿ, ಮೊಳೆ ಏನು ಹೋದರೂ ಜೇನುಹಟ್ಟಿಯಂಥ ಎರಡನೆಯ ಕೋಣೆಯಲ್ಲಿ ನಿಲ್ಲುತ್ತದೆ. ಅದಕ್ಕೆ ತಾಗಿದಂತೆಯೇ ಗುಂಡಿಗೆ.

“ತಂತಿ ಗುಂಡಿಗೆ ಮುಟ್ಟಿದ್ರೆ ನನ್ನ ಕೈಲೂ ಏನೂ ಆಗಲ್ಲಮ್ಮ,” ಎಂದರು ಡಾಕ್ಟರು.

ಆಮೇಲೆ ನನ್ನನ್ನು ಜೇಬಿನಿಂದ ತೆಗೆದು ಬೆಳ್ಳಿಯ ಬಾಯೊಳಗೆ ತಳ್ಳಿದರು. ಮರುಕ್ಷಣ ನಾನು ಅವಳ ಗಂಟಲಲ್ಲಿ ಇಳಿಯುತ್ತಿದ್ದೆ. ಕೂಗೋಣವೆಂದರೆ ನನಗೆಲ್ಲಿಯ ಬಾಯಿ? ಬಿಸಿ, ಕತ್ತಲೆ, ಹುಳಿವಾಸನೆ. ತಂತಿಯ ಒಂದು ತುದಿ ಆಗಲೇ ಗೋಡೆಯೊಳಗೆ ಹೊಕ್ಕಿತ್ತು. ಕೋಣೆ ನಿಮಿಷಕ್ಕೊಮ್ಮೆ ಹಿಂಡಿಕೊಂಡಾಗಲೆಲ್ಲ ಅದು ಕೂದಲೆಳೆಯಷ್ಟು ಮುಂದೆ ಸರಿಯುತ್ತಿತ್ತು. ಗೋಡೆಯಾಚೆ ಗುಂಡಿಗೆ ಡಬ್ ಡಬ್ ಎನ್ನುತ್ತಿತ್ತು. ನನ್ನ ಹಿಡಿತ ತಪ್ಪಿದರೆ ಆ ಸದ್ದು ನಿಲ್ಲುತ್ತದೆ ಎಂಬ ಭಯದಲ್ಲಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಂತಿಯನ್ನು ಹಿಂದಕ್ಕೆ ಎಳೆದೆ.

ಹೊರಗೆ ಸಣ್ಣತಾಯಮ್ಮ ಅಳುತ್ತಿದ್ದರು. “ನನ್ ಕೈಯಾರೆ ಕೊಂದ್ಬುಟ್ನಲ್ಲ ಕಣವ್ವ.”

ಎರಡು ದಿನ ಹೀಗೇ ಜಗ್ಗಾಡಿದೆವು. ಮೂರನೆಯ ದಿನ ತಂತಿ ಗೋಡೆಯಿಂದ ಕಿತ್ತು ಬಂದು ನನ್ನ ಮೈಗೆ ಅಂಟಿತು. ಸಂಜೆಗೆ ಬೆಳ್ಳಿ ಮೆಲುಕು ಹಾಕಿದಳು. ಸಣ್ಣತಾಯಮ್ಮ ಈಗಲೂ ಹಾರವನ್ನು ಹಸುವಿಗೇ ಹಾಕುತ್ತಾರೆ, ಆದರೆ ಒಂದೊಂದು ಹೂವನ್ನೂ ಬಿಡಿಸಿ, ಬೆರಳಲ್ಲಿ ತಡವಿ ನೋಡಿ.

ವಾರ ಕಳೆದು ಡಾಕ್ಟರು ಬೆಳ್ಳಿಯ ಎದೆಯ ಬಳಿ ದಿಕ್ಸೂಚಿ ಹಿಡಿದರು. ಮುಳ್ಳು ನನ್ನ ಕಡೆ ತಿರುಗಿತು. ಅಯಸ್ಕಾಂತ ಯಾವಾಗ ಹೊರಗೆ ಬರುತ್ತದೆ ಎಂದು ಪಲ್ಲವಿ ಕೇಳಿದಳು.

“ಬರಲ್ಲ ಪುಟ್ಟಿ. ಬೆಳ್ಳಿ ಇರೋವರೆಗೂ ಅಲ್ಲೇ.”

ಅದನ್ನು ಕೇಳಿ ನನಗೆ ಜೀವವೇ ಹೋದಂತಾಗಿತ್ತು. ಅದಾಗಿ ಹನ್ನೊಂದು ವರ್ಷವಾಯಿತು. ನನ್ನ ಮೈತುಂಬ ತುಕ್ಕು, ಎರಡು ಮೊಳೆ, ಒಂದು ಗುಂಡುಸೂಜಿ. ಬೆಳ್ಳಿಗೆ ವಯಸ್ಸಾಗಿದೆ. ಗೋಡೆಯಾಚೆಯ ಸದ್ದು ಈಚೆಗೆ ಒಮ್ಮೊಮ್ಮೆ ತಡೆದು ತಡೆದು ಬರುತ್ತದೆ. ಒಂದು ದಿನ ಯಾರೋ ನನ್ನನ್ನು ಬೆಳಕಿಗೆ ತೆಗೆಯುತ್ತಾರೆ. ಆ ಬೆಳಕಿಗೆ ನಾನು ಹೆದರುತ್ತೇನೆ.